ತೌಡಿನ ಹೀರಾಬಾಯಿ

ಭಾಲ್ಕಿಯಲ್ಲಿ ಆಗ ಇಬ್ಬರು ಹೀರಾಬಾಯಿಯರಿದ್ದರು. ಒಬ್ಬಳು ಬಳೆ ಮಾರುವವಳು, ಇನ್ನೊಬ್ಬಳು ಕಂಬಳಿ ನೇಯುವ ಬಕ್ಕಪ್ಪನ ಹೆಂಡತಿ. ಗುರುತು ತಪ್ಪಬಾರದೆಂದು ಈ ಎರಡನೆಯವಳನ್ನು ಜನ ತೌಡಿನ ಹೀರಾಬಾಯಿ ಎನ್ನುತ್ತಿದ್ದರು. ದನಕರು ಇಲ್ಲದ ಮನೆಯವಳು ವಾರಕ್ಕೊಮ್ಮೆ ಗಿರಣಿಯ ಮುಂದೆ ಚೀಲ ಹಿಡಿದು ನಿಂತು ತೌಡು ಒಯ್ಯುತ್ತಾಳಲ್ಲ, ಯಾರಿಗೆ ತಿನ್ನಿಸುತ್ತಾಳೆ ಎಂದು ಹೊಸಬರು ಕೇಳಿದರೆ, "ಗಲೀಚಾಕ್ಕ ತಿನ್ನಸ್ತಾಳ" ಎಂದು ಗಿರಣಿಯವನು ನಗುತ್ತಿದ್ದ. ಗಲೀಚಾ ಎಂದರೆ ಉಣ್ಣೆಯ ರತ್ನಗಂಬಳಿ. ತಮಾಷೆಯ ಮಾತಾದರೂ ಅದರಲ್ಲಿ ಸುಳ್ಳಿರಲಿಲ್ಲ.

ಹೀರಾಬಾಯಿ ಹುಟ್ಟಿದ್ದು ಔರಾದದ ಕಡೆಯ ಒಂದು ಕುರಿಹಟ್ಟಿಯಲ್ಲಿ. ಅಪ್ಪ ಧೊಂಡಿಬಾ ಕುರಿ ಕಾಯುವವನು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಹಳ್ಳಕ್ಕಿಳಿಸಿ ಮೈ ತೊಳೆಯುವುದು ಅವಳು ನಡೆಯಲು ಕಲಿತಾಗಿನಿಂದ ಕಂಡ ಕೆಲಸ. ಅವ್ವ ಎರಡೇ ಮಾತು ಹೇಳಿಕೊಟ್ಟಿದ್ದಳು. ಉಣ್ಣೆಗೆ ಸುಡುನೀರು ಹಾಕಿದರೆ ಮುದುಡುತ್ತದೆ, ಬೂದಿನೀರು ಹಾಕಿದರೆ ಬಿರುಸಾಗುತ್ತದೆ. ಅಂಟವಾಳಕಾಯಿಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಕಿವುಚಿದರೆ ಬರುವ ನೊರೆ ಸಾಕು, ಅದಕ್ಕಿಂತ ಹೆಚ್ಚಿನದು ಕುರಿಗೂ ಬೇಡ, ಕಂಬಳಿಗೂ ಬೇಡ. ಹನ್ನೆರಡರ ವಯಸ್ಸಿಗೆ ಭಾಲ್ಕಿಯ ಬಕ್ಕಪ್ಪನಿಗೆ ಕೊಟ್ಟು ಮದುವೆ ಮಾಡಿದಾಗ ತವರಿನಿಂದ ಅವಳು ತಂದದ್ದು ಒಂದು ಕಂಬಳಿ, ಒಂದು ತಾಮ್ರದ ತಂಬಿಗೆ ಮತ್ತು ಇಷ್ಟು ತಿಳಿವಳಿಕೆ.

ಗಲೀಚಾದ ಕೆಲಸ ಅವಳಿಗೆ ಅಂಟಿಕೊಂಡದ್ದು ಖತೀಜಾ ಬೇಗಂ ಮನೆಯಿಂದ. ಬೇಗಂ ತೀರಿಹೋದ ಒಬ್ಬ ಮುನ್ಶಿಯ ಹೆಂಡತಿ, ಎಲೆಯಡಿಕೆಯ ಪೆಟ್ಟಿಗೆ ಪಾನದಾನ ಬಿಟ್ಟು ಕೂತವಳಲ್ಲ. ಕೋಟೆಯ ಬದಿಯ ಓಣಿಯಲ್ಲಿ ಹಳೇ ಮನೆ. ಮಗ ಮಕ್ಸೂದ ಊರ ಶಾಲೆಯಲ್ಲಿ ಉರ್ದು ಮತ್ತು ಲೆಕ್ಕ ಕಲಿಸುತ್ತಿದ್ದ, ಮುಂದೆ ಸೊಸೆಯಾಗಿ ಬಂದ ಅಕ್ತರಬೀ ಬೀದರದವಳು. ಆ ಮನೆಯಲ್ಲಿ ಬೆಲೆಬಾಳುವ ಸಾಮಾನು ಎಂದರೆ ನಡುಮನೆಯಲ್ಲಿ ಹಾಸಿದ್ದ ಗಲೀಚಾ ಒಂದೇ. ದಾಳಿಂಬೆ ಕೆಂಪು ಬಣ್ಣ, ಬೇಗಂಳ ಮಾತಿನಲ್ಲಿ ಅನಾರದ ಬಣ್ಣ. ಅಂಚಿಗೆ ನೀಲಿ ಬಳ್ಳಿ. ಬೇಗಂಳ ತಾಯಿ ಮದುವೆಯಲ್ಲಿ ಕೊಟ್ಟದ್ದು.

ಒಂದು ಈದ್ ದಿನ ಅದರ ಮೇಲೆ ಒಂದು ಬೋಗುಣಿ ಶೀರಖುರ್ಮಾ ಚೆಲ್ಲಿತು. ಹಾಲು, ತುಪ್ಪ, ಸಕ್ಕರೆ ಎಲ್ಲ ಉಣ್ಣೆಯ ಬುಡಕ್ಕೆ ಇಳಿಯಿತು. ಅಗಸರವನು ಕುದಿನೀರಿನ ಭಟ್ಟಿಗೆ ಹಾಕಬೇಕು ಎಂದ. ಕಂಬಳಿ ಕೊಡಲು ಬಂದಿದ್ದ ಹೀರಾಬಾಯಿ ಬಾಗಿಲಲ್ಲೇ ನಿಂತು ಕೇಳಿದಳು:

"ಬೇಗಂಸಾಬ, ಭಟ್ಟಿಗಿ ಹಾಕಿದ್ರ ಅದು ಗಲೀಚಾ ಆಗಿ ಉಳಿಯಲ್ರಿ, ಚಾಪಿ ಆಗ್ತದ. ನಿಮ್ಮ ಮನ್ಯಾಗ ಕಡ್ಲಿಹಿಟ್ಟು ಅದ ಏನ್ರಿ?"

"ಈಗ ಭಜಿ ಮಾಡ್ತಿ ಏನು?" ಎಂದಳು ಬೇಗಂ, ಸಿಟ್ಟಿನಲ್ಲಿಯೇ.

ಹೀರಾಬಾಯಿ ಭಜಿ ಮಾಡಲಿಲ್ಲ. ಒದ್ದೆಯನ್ನು ಮೊದಲು ಹಳೇ ಪಂಚೆಯಿಂದ ಒತ್ತಿ ಹೀರಿಸಿದಳು, ಉಜ್ಜಲಿಲ್ಲ. ಕಡಲೆಹಿಟ್ಟನ್ನೂ ತೌಡನ್ನೂ ಕೂಡಿಸಿ ಜಿಡ್ಡಿನ ಮೇಲೆ ದಪ್ಪಗೆ ಉದುರಿಸಿ ಮರುದಿನದವರೆಗೆ ಬಿಟ್ಟಳು. ತುಪ್ಪವನ್ನೆಲ್ಲ ಹಿಟ್ಟು ಕುಡಿದಿತ್ತು. ಅದನ್ನು ಕಸಬರಿಗೆಯಿಂದ ಕೊಡವಿ, ಅಂಟವಾಳದ ನೊರೆಯನ್ನಷ್ಟೇ ತಗೊಂಡು, ನೀರು ಬುಡಕ್ಕೆ ಇಳಿಯದ ಹಾಗೆ ಮೇಲುಮೇಲೆ ಒರೆಸಿದಳು. ಕೊನೆಗೆ ತಣ್ಣೀರಲ್ಲಿ ತುಸು ಸಿರ್ಕಾದ ಹುಳಿ ಬೆರೆಸಿ ಅದರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದಾಗ ದಾಳಿಂಬೆ ಕೆಂಪು ಹೊಸದರಂತೆ ಎದ್ದು ಬಂತು. ಬೇಗಂ ಕನ್ನಡಕ ಹಾಕಿಕೊಂಡು ಕೂತು ಕಲೆ ಹುಡುಕಿದಳು. ಸಿಗಲಿಲ್ಲ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಸಾಬೂನು ಸಿಗದಾಯಿತು. ಸಿಕ್ಕರೂ ಅದರ ಬೆಲೆ ಮುಟ್ಟುವ ಹಾಗಿರಲಿಲ್ಲ. ಆಗ ವಕೀಲರ ಮನೆಯ ಸತರಂಜಿ, ಕಚೇರಿಯ ಜಮಖಾನ, ದರ್ಗಾದ ಚಾದರು ಎಲ್ಲ ಹೀರಾಬಾಯಿಯ ಅಂಗಳಕ್ಕೆ ಬರತೊಡಗಿದವು. ಅವಳ ಔಷಧಿಯೆಲ್ಲ ಅಡುಗೆಮನೆಯದು. ಎಣ್ಣೆಗೆ ಹಿಟ್ಟು, ಶಾಯಿಗೆ ಹುಳಿಮಜ್ಜಿಗೆ, ವಾಸನೆಗೆ ಒಣ ಬೇವಿನೆಲೆ ಮತ್ತು ಬಿಸಿಲು. ಕೆಸರಿಗೆ ಮಾತ್ರ ಔಷಧಿಯೇ ಇಲ್ಲ, ಸಬೂರಿ ಒಂದೇ ಎನ್ನುತ್ತಿದ್ದಳು. ಪೂರ್ತಿ ಒಣಗಲು ಬಿಟ್ಟು ಬಡಿದರೆ ತಾನಾಗಿ ಉದುರುತ್ತದೆ. ಖತೀಜಾ ಬೇಗಂ ಮನೆಯ ಗಲೀಚಾವಂತೂ ಪ್ರತಿವರ್ಷ ರಂಜಾನಿನ ಮುಂಚೆ ಅವಳ ಕೈಯಿಂದಲೇ ತೊಳೆಸಿಕೊಳ್ಳಬೇಕು. ಒಮ್ಮೆ ಅದರ ಒಂದು ಮೂಲೆಗೆ ಹುಕ್ಕಾದ ಕೆಂಡ ಬಿದ್ದು ರೂಪಾಯಿ ಅಗಲ ಸುಟ್ಟಾಗ, ಬಕ್ಕಪ್ಪನ ಮಗ್ಗದಿಂದ ಕರಿಕುರಿಯ ಉಣ್ಣೆ ತಂದು ತಾನೇ ಕೂತು ತೂತು ತುಂಬಿದ್ದಳು. ನೀಲಿ ಬಳ್ಳಿಯ ನಡುವೆ ಒಂದು ಕಪ್ಪು ಎಲೆ ಕೂತ ಹಾಗಿತ್ತು.

ಆಮೇಲೆ ಆ ಎರಡು ವರ್ಷಗಳು ಬಂದವು. ಮೊದಲು ರಜಾಕಾರರ ಹಾವಳಿ. ಎಷ್ಟೋ ಹಳ್ಳಿಯವರು ಮನೆಗೆ ಕೀಲಿ ಹಾಕಿ ಗಡಿಯಾಚೆ ಹೋದರು. ಬಕ್ಕಪ್ಪನ ಮಗ್ಗ ಆರು ತಿಂಗಳು ನಿಂತಿತ್ತು. ಆ ದಿನಗಳಲ್ಲಿ ಮಕ್ಸೂದ ಮಾಸ್ತರ ದಿನಾ ಸಂಜೆ ಶಾಲೆಯಿಂದ ಬರುವಾಗ ಇವರ ಅಂಗಳದಲ್ಲಿ ಹತ್ತು ನಿಮಿಷ ನಿಂತು ಮಾತಾಡಿ ಹೋಗುತ್ತಿದ್ದ. ಏನು ಮಾತು ಎಂದರೆ ಏನೂ ಇಲ್ಲ. ತಾನು ನಿಂತದ್ದು ನಾಲ್ಕು ಜನರ ಕಣ್ಣಿಗೆ ಬಿದ್ದರೆ ಈ ಮನೆಯ ತಂಟೆಗೆ ಯಾರೂ ಬರುವುದಿಲ್ಲ ಎಂದು ಅವನ ಲೆಕ್ಕ. ಹೀರಾಬಾಯಿಗೆ ಅದು ಗೊತ್ತಿತ್ತು.

ನಂತರ ನಲವತ್ತೆಂಟರ ಸಪ್ಟೆಂಬರದಲ್ಲಿ ಪೊಲೀಸ್ ಆಕ್ಷನ್ ಆಯಿತು. ಐದು ದಿನದಲ್ಲಿ ನಿಜಾಮರ ಸರ್ಕಾರ ಮುಗಿಯಿತು. ಭಯ ಒಂದು ಓಣಿಯಿಂದ ಎದ್ದು ಇನ್ನೊಂದು ಓಣಿಗೆ ಹೋಗಿ ಕೂತಿತು. ಎಲ್ಲಿಂದಲೋ ಬಂದ ಗುಂಪುಗಳು ಮನೆ ಹೊಕ್ಕವು. ಏನೇನು ಆಯಿತು ಎಂಬುದನ್ನು ಜನ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು, ಇಲ್ಲವೇ ಹೇಳುತ್ತಲೇ ಇರಲಿಲ್ಲ. ವಾರ ಕಳೆದ ಮೇಲೆ ಹೀರಾಬಾಯಿ ಕೋಟೆಯ ಬದಿಯ ಓಣಿಗೆ ಹೋದಳು. ಬೇಗಂ ಮನೆಯ ಕದ ಹಾರುಹೊಡೆದಿತ್ತು. ನಡುಮನೆ ಬರಿದಾಗಿತ್ತು. ಗಲೀಚಾ ಹಾಸಿದ್ದ ಕಡೆ ನೆಲ ಮಾತ್ರ ಬೇರೆ ಬಣ್ಣದಲ್ಲಿ ಚೌಕಾಗಿ ಕಾಣುತ್ತಿತ್ತು. ಅಕ್ಕಪಕ್ಕದಲ್ಲಿ ಕೇಳಿದಳು. ಒಬ್ಬರು ಬೀದರಕ್ಕೆ ಹೋದರು ಎಂದರು. ಒಬ್ಬರು ಹೈದರಾಬಾದಕ್ಕೆ ಎಂದರು. ಒಬ್ಬ ಮುದುಕ ಆಕಾಶದ ಕಡೆ ಕೈ ತೋರಿಸಿದ.

ದೀಪಾವಳಿ ಕಳೆದು ಹದಿನೈದು ದಿನವಾಗಿತ್ತು. ಒಂದು ಬೆಳಿಗ್ಗೆ ಕಿರಾಣಿ ಅಂಗಡಿಯ ಕಾಶೀರಾಮನ ಬಂಡಿ ಬಕ್ಕಪ್ಪನ ಅಂಗಳದಲ್ಲಿ ನಿಂತಿತು. ಬಂಡಿಯಲ್ಲಿ ಸುತ್ತಿ ಹಗ್ಗ ಬಿಗಿದ ದೊಡ್ಡ ಗಂಟು. ಕಾಶೀರಾಮನೇ ಜೊತೆಗೆ ಬಂದಿದ್ದ.

"ಹೀರಾಬಾಯಿ, ನಮ್ಮ ಹುಡುಗಿದು ಲಗ್ನ ಗೊತ್ತುಮಾಡೋ ಸಾಖರಪುಡಾ ಅದ. ಬೀಗರು ಉದಗೀರದಿಂದ ಬರ್ತಾರ. ಕೂಡ್ಸಲಾಕ ಒಂದು ಛಲೋ ಗಲೀಚಾ ಬೇಕಿತ್ತು. ಔರಾದ ಸಂತ್ಯಾಗ ಸಿಕ್ತು. ಹೊಲಸಾಗ್ಯಾದ. ಇಪ್ಪತ್ತು ದಿನದಾಗ ತೊಳದು ಕೊಡು."

"ಯಾರದ್ರಿ ಸಾವಕಾರ್ರ?"

"ಸಂತ್ಯಾಗ ತಗೊಂಡಿದ್ದು ಅಂದ್ನಲ್ಲ. ಬೇವಾರಸು ಮಾಲು ಅಂದ ಮಾರಾಂವ." ಕಾಶೀರಾಮ ಬಂಡಿ ತಿರುಗಿಸುವ ಅವಸರದಲ್ಲಿದ್ದ. "ತೊಳದ ಮ್ಯಾಲ ನಾನೇ ಬಂದು ಒಯ್ತೇನಿ. ನೀ ಮನಿಗಿ ತರಬ್ಯಾಡ."

ಬಂಡಿ ಹೋದ ಮೇಲೆ ಗಂಡಹೆಂಡತಿ ಹಗ್ಗ ಬಿಚ್ಚಿ ಬೇವಿನ ಮರದ ಕೆಳಗೆ ಗಂಟನ್ನು ಉರುಳಿಸಿದರು. ಮೊದಲು ಕಂಡದ್ದು ಕೆಸರು ಮೆತ್ತಿದ ಬೆನ್ನು. ತಿರುವಿ ಹಾಕಿದಾಗ ನೀಲಿ ಬಳ್ಳಿ ಕಾಣಿಸಿತು. ಹೀರಾಬಾಯಿ ಮೂಲೆ ಹುಡುಕಲು ಹೋಗಲಿಲ್ಲ. ಮೂಲೆಯೇ ಅವಳ ಕಾಲ ಬಳಿ ಬಿದ್ದಿತ್ತು. ಕರಿಕುರಿಯ ಉಣ್ಣೆಯ ಎಲೆ.

ಅವಳು ಗಲೀಚಾವನ್ನು ಪೂರ್ತಿ ಬಿಡಿಸಿದಳು. ಗಲೀಚಾದ ನಟ್ಟನಡುವೆ, ಎರಡು ಗೇಣು ಅಗಲಕ್ಕೆ, ಕಂದು ಬಣ್ಣಕ್ಕೆ ತಿರುಗಿದ ಕೆಂಪು ಕಲೆ ಹೆಪ್ಪುಗಟ್ಟಿತ್ತು.

ಬಕ್ಕಪ್ಪ ಮಾತು ಕಡಿಮೆಯ ಮನುಷ್ಯ. ಅವನೂ ಕಲೆಯನ್ನು ಬಹಳ ಹೊತ್ತು ನೋಡಿದ.

"ಏ ಹೀರಾ, ಇದು ಬ್ಯಾಡ. ಮಡಚು. ನಮ್ಮ ಕೈಲೆ ಆಗಲ್ಲ ಅಂತ ವಾಪಸ್ ಕೊಟ್ಟು ಬರ್ತೇನಿ."

"ಕೊಟ್ರ ಅವ್ರು ಇನ್ನೊಬ್ರ ಕಡೆ ಒಯ್ತಾರ್ರಿ."

"ಒಯ್ಲಿ."

"ಯಾರ ರಕ್ತ ಅಂತ ತಿಳೀದ ಹ್ಯಾಂಗ ಒಯ್ಲಿ ಅನ್ಲಿ?" ಎಂದಳು. ಅಷ್ಟು ಹೇಳಿದ ಮೇಲೆ ಅವಳಿಗೆ ಅಳು ಬಂತು.

ಎರಡು ದಿನ ಅವಳು ಅದನ್ನು ಮುಟ್ಟಲಿಲ್ಲ. ಅದರ ಮೇಲೆ ಒಂದು ಹಳೇ ಗೋಣಿತಟ್ಟು ಮುಚ್ಚಿ ಹಾಕಿದಳು. ನೀರಿಗೆ ಹೋಗುವಾಗಲೂ ಬರುವಾಗಲೂ ಮರದ ಆ ಬದಿಯಿಂದ ಸುತ್ತಿ ಹೋಗುತ್ತಿದ್ದಳು. ಮುದುಕಿ ಬೇಗಂಳದೋ, ಹತ್ತು ನಿಮಿಷ ನಿಂತು ಹೋಗುತ್ತಿದ್ದ ಮಾಸ್ತರನದೋ, ವರ್ಷದ ಹಿಂದಷ್ಟೇ ಮದುವೆಯಾಗಿ ಬಂದ ಆ ಹುಡುಗಿಯದೋ? ರೊಟ್ಟಿ ಬಡಿಯುವಾಗ ಕೈ ಸುಮ್ಮನೆ ನಿಂತುಬಿಡುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಅವಳು ಸೀರೆ ಸಿಕ್ಕಿಸಿ ಎದ್ದಳು. ಯಾರದ್ದಾದರೂ ಆಗಲಿ, ಗೊತ್ತಿದ್ದವರ ಕೈಯಿಂದಲೇ ತೊಳೆದು ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ರಕ್ತಕ್ಕೆ ಉಪ್ಪು ಬೆರೆಸಿದ ತಣ್ಣೀರು ಎಂದು ಅವಳಿಗೆ ಗೊತ್ತು. ಆದರೆ ನೀರು ಮುಟ್ಟಿಸುವ ಮೊದಲು ಧೂಳು ತೆಗೆಯಬೇಕು, ಅದು ಯಾವ ಗಲೀಚಾಕ್ಕಾದರೂ ಒಂದೇ ಕ್ರಮ. ಒಣಗಿದ್ದ ಕೆಸರನ್ನು ಕೋಲಿನಿಂದ ಬಡಿದಳು. ತುಸು ನೀರು ಚಿಮುಕಿಸಿ ಪಸೆ ಮಾಡಿದ ತೌಡನ್ನು ಕಲೆಯ ಮೇಲೆ ಹರಡಿ, ಅಂಗೈಯಿಂದ ಮೆಲ್ಲಗೆ ತಿಕ್ಕಿ, ಕಸಬರಿಗೆಯಿಂದ ಒಂದು ಬದಿಗೆ ಗುಡಿಸಿದಳು.

ತೌಡಿನ ಜೊತೆ ಏನೋ ಗಟ್ಟಿಯಾದ ಚೂರುಗಳು ಬಂದವು. ಒಂದನ್ನು ಎತ್ತಿ ಬೆರಳಲ್ಲಿ ಹಿಚುಕಿದಳು. ಅಡಿಕೆ. ಸಣ್ಣಗೆ ಕತ್ತರಿಸಿದ ಅಡಿಕೆ. ಮತ್ತೆ ಗುಡಿಸಿದಳು. ಇನ್ನೂ ನಾಲ್ಕು ಚೂರು, ಒಂದು ಲವಂಗ, ಬಿಳಿ ಸುಣ್ಣದ ಹಕ್ಕಳೆ. ಅವಳು ಬಗ್ಗಿ ಕಲೆಗೆ ಮೂಗು ಹಚ್ಚಿ ಮೂಸಿದಳು. ಒದ್ದೆ ತೌಡಿಗೆ ಕಾಚಿನ ಒಗರು ವಾಸನೆ ಎದ್ದಿತ್ತು. ಸಾಲದೆಂದು ಅರ್ಧ ನಿಂಬೆಹಣ್ಣು ತಂದು ಉಪ್ಪು ಹಚ್ಚಿ ಕಲೆಯ ಅಂಚಿಗೆ ಒತ್ತಿದಳು. ಬಿಳಿ ಬಟ್ಟೆಯಿಂದ ಒತ್ತಿ ತೆಗೆದರೆ, ಬಟ್ಟೆಗೆ ತಾಂಬೂಲ ಉಗುಳಿದ ಬಣ್ಣ.

"ಏನ್ರೀ! ಬರ್ರಿ ಇಲ್ಲಿ! ಲಗೂ ಬರ್ರಿ!"

ಬಕ್ಕಪ್ಪ ಮಗ್ಗ ಬಿಟ್ಟು ಓಡಿ ಬಂದ, ಹಾವು ಕಂಡಳೇನೋ ಎಂದು. ಅವಳು ಅಂಗೈಯಲ್ಲಿ ಅಡಿಕೆ ಚೂರು ಹಿಡಿದು ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ರಕ್ತ ಅಲ್ರಿ. ಪಾನದಾನ ಚೆಲ್ಯಾದ. ಬೇಗಂಸಾಬರ ಪಾನದಾನ!"

ಬಕ್ಕಪ್ಪ ಅವಳ ಕೈಯಿಂದ ಒಂದು ಚೂರು ತಗೊಂಡು, ನೋಡಿ, ಬಾಯಿಗೆ ಹಾಕಿಕೊಂಡು ಜಗಿದ. "ಹೌದು, ಅಡಿಕಿನೇ" ಎಂದ. ಅವತ್ತು ಮಧ್ಯಾಹ್ನ ಇಬ್ಬರೂ ಹೊಟ್ಟೆ ತುಂಬ ಉಂಡರು. ಮೂರು ದಿನದಲ್ಲಿ ಅದೇ ಮೊದಲ ಊಟ.

ಕಾಚಿನ ಕಲೆ ಹೋಗಲು ನಾಲ್ಕು ದಿನ ಹಿಡಿಯಿತು. ಅವಸರ ಮಾಡಿದರೆ ಕಲೆಯ ಜೊತೆ ಬಣ್ಣವೂ ಹೋಗುತ್ತದೆ. ನಿಂಬೆರಸ, ಉಪ್ಪು, ತಣ್ಣೀರು. ಒತ್ತುವುದು, ಹೀರಿಸುವುದು, ಒಣಗಿಸುವುದು. ಸಿರ್ಕಾ ಸಿಗಲಿಲ್ಲ, ಹುಳಿಮಜ್ಜಿಗೆಯ ತಿಳಿ ಹಾಕಿದಳು. ಆಮೇಲೆ ಪೂರ್ತಿ ಗಲೀಚಾಕ್ಕೆ ಅಂಟವಾಳದ ನೊರೆ. ಆ ನಾಲ್ಕು ದಿನವೂ ಅವಳ ತಲೆಯಲ್ಲಿ ಒಂದೇ ಮಾತು. ಪಾನದಾನ ಉರುಳಿದೆ ಎಂದರೆ ಬೇಗಂ ಅವಸರದಲ್ಲಿ ಎದ್ದಿದ್ದಾಳೆ. ಎದ್ದವಳು ಎಲ್ಲಿಗೋ ಹೋಗಿರಬೇಕಲ್ಲ?

ಹತ್ತನೆಯ ದಿನ ಕಾಶೀರಾಮ ಅಂಗಡಿಯಿಂದ ಹೇಳಿಕಳಿಸಿದ, ಆಯಿತೇನು ಎಂದು. "ಇನ್ನಾ ಹಸಿ ಅದ. ಹಸೀದೇ ಮಡಚಿದ್ರ ನಾರ್ತದ, ಬೀಗರು ಮೂಗು ಮುಚ್ಕೊಂಡು ಕೂಡ್ತಾರ ಅಂತ ಹೇಳು" ಎಂದು ಬಂದವನನ್ನು ಕಳಿಸಿ, ಮರುದಿನ ಪರಳಿಯ ಕಡೆಯಿಂದ ಬರುವ ರೈಲು ಹತ್ತಿ ಅಕ್ತರಬೀಯ ತವರೂರಾದ ಬೀದರಕ್ಕೆ ಹೋದಳು. ಬಕ್ಕಪ್ಪ ಸ್ಟೇಷನ್ನಿನವರೆಗೆ ಬಂದು, ಬುತ್ತಿಯ ಗಂಟು ಕೈಗಿಟ್ಟು, "ಸಿಗ್ಲಿಲ್ಲಂದ್ರ ಸಂಜಿ ಗಾಡಿಗಿ ಬಂದುಬಿಡು" ಎಂದಷ್ಟೇ ಹೇಳಿದ.

ಬೀದರ ಅವಳು ಎರಡು ಸಲ ಮಾತ್ರ ನೋಡಿದ ಊರು. ಸ್ಟೇಷನ್ನಿನಿಂದ ಜನ ಹೋದ ಕಡೆ ನಡೆಯುತ್ತ ಚೌಬಾರಾ ಗೋಪುರದ ಹತ್ತಿರ ಬಂದಳು. ಗೋಡೆಗಳ ಮೇಲೆ ಹೊಸ ಹುಕುಮಿನ ಕಾಗದ ಅಂಟಿಸಿದ್ದರು. ಅಂಗಡಿಗಳು ತೆರೆದಿದ್ದವು, ಆದರೆ ಜನ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಯಾರನ್ನು ಕೇಳುವುದು, ಏನೆಂದು ಕೇಳುವುದು? ಅಲ್ಲಿ ಟಾಂಗಾಗಳು ನಿಲ್ಲುವ ಕಡೆ ಒಂದು ಮುಖ ಪರಿಚಯದ್ದೆನಿಸಿತು. ಭಾಲ್ಕಿಯ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದ ಬಾಬುಮಿಯಾ. ಅವನೂ ಗದ್ದಲದಲ್ಲಿ ಊರು ಬಿಟ್ಟು ಇಲ್ಲಿಗೆ ಬಂದಿದ್ದ.

"ಬಾಬುಭಾಯಿ, ಮಕ್ಸೂದ ಮಾಸ್ತರ ಮನಿಯವ್ರದು ಏನರ ಸುದ್ದಿ ಗೊತ್ತದ ಏನ್ರಿ?"

ಬಾಬುಮಿಯಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀ ಯಾರು? ಯಾಕ ಕೇಳ್ತಿ?"

"ನಾ ತೌಡಿನ ಹೀರಾಬಾಯಿ, ಬಕ್ಕಪ್ಪನ ಮನ್ಯಾಕಿ. ಅವ್ರ ಗಲೀಚಾ ತೊಳ್ಯಾಕಿ."

ಅವನ ಮುಖ ಸಡಿಲವಾಯಿತು. ಟಾಂಗಾ ತೋರಿಸಿ ಹತ್ತು ಎಂದ. ಎರಡು ಓಣಿ ದಾಟಿ ಒಂದು ಹಸಿರು ಬಾಗಿಲ ಮುಂದೆ ನಿಲ್ಲಿಸಿದ. ಬಾಗಿಲು ಬಡಿದಾಗ ಒಳಗಿನ ಸಪ್ಪಳವೆಲ್ಲ ನಿಂತಿತು. ಯಾರು ಎಂದು ಹೆಣ್ಣು ದನಿಯೊಂದು ಮೆಲ್ಲಗೆ ಕೇಳಿತು.

"ಅಕ್ತರಬೀ, ನಾನವ್ವ, ಹೀರಾಬಾಯಿ. ಭಾಲ್ಕಿಯಾಕಿ."

ಅಗುಳಿ ತೆಗೆದ ಸದ್ದು. ಅಕ್ತರಬೀ ಹೊಸ್ತಿಲಲ್ಲಿ ನಿಂತು ಅವಳನ್ನು ನೋಡಿದಳು, ಆಮೇಲೆ ಕೈ ಹಿಡಿದು ಒಳಗೆ ಎಳೆದುಕೊಂಡು ಅಗುಳಿ ಹಾಕಿದಳು. ಸಣ್ಣ ಅಂಗಳದ ಆಚೆ ಒಂದು ಹೊರಸಿನ ಮೇಲೆ ಖತೀಜಾ ಬೇಗಂ ಕೂತಿದ್ದಳು, ಮೊದಲಿಗಿಂತ ಅರ್ಧ ಮೈಯಾಗಿ. ಅವಳ ಕಾಲ ಬಳಿ, ಪಾದಕ್ಕೆ ಅರಿಶಿಣದ ಪಟ್ಟಿ ಕಟ್ಟಿಕೊಂಡು, ಮಕ್ಸೂದ.

ಹೀರಾಬಾಯಿ ಬೆರಳು ಮಡಚಿ ಎಣಿಸಿದಳು. ಒಂದು, ಎರಡು, ಮೂರು. ಮೂರೂ ಜನ.

"ಯಾಕ, ಏನ್ ಎಣಸ್ಲಿಕತ್ತಿ?" ಎಂದಳು ಬೇಗಂ.

"ನಿಮ್ಮನ್ನೇ ಎಣಸ್ಲಿಕತ್ತೇನಿ, ಬೇಗಂಸಾಬ."

ಆಮೇಲೆ ನಡೆದದ್ದೆಲ್ಲ ಮಾತಿಗೆ ಬಂತು. ಅವತ್ತು ಬೇಗಂ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳಂತೆ. ಗುಂಪು ಓಣಿಯ ತುದಿಗೆ ಬಂತು ಎಂದು ಮಕ್ಸೂದ ಓಡಿ ಬಂದು ಕೈ ಹಿಡಿದು ಎಬ್ಬಿಸಿದ. ಮಡಿಲಲ್ಲಿದ್ದ ಪಾನದಾನ ಉರುಳಿತು. "ಗಲೀಚಾ ಹಾಳಾತಲ್ಲೋ ಅಂತ ನಾ ಬೈದೆ. ಜೀವ ಹೋಗೋ ಹೊತ್ತು, ನಾ ಗಲೀಚಾಕ್ಕ ಅತ್ತೆ" ಎಂದಳು. ಹಿತ್ತಿಲ ಬಾಗಿಲಿಂದ ಹೊರಟವರು ಎರಡು ದಿನ ಸಾಯಗಾಂವದ ಕಡೆ ಜೋಳದ ಹೊಲದಲ್ಲಿ ಅಡಗಿದ್ದರು. ಒಬ್ಬ ಕುರುಬ ಹಾಲೂ ರೊಟ್ಟಿಯೂ ತಂದು ಕೊಟ್ಟು, ಕುರಿಹಿಂಡಿನ ಹಿಂದೆ ನಡೆಸಿಕೊಂಡು ದಾರಿ ದಾಟಿಸಿದ. ಒಂದು ಒಡ್ಡಿನ ಮೇಲಿಂದ ಬಿದ್ದು ಮಕ್ಸೂದನ ಕಾಲು ಮುರಿಯಿತು. ಎಲುಬು ಈಗ ಕೂಡುತ್ತಿತ್ತು. ಅದೇ ಗದ್ದಲದಲ್ಲಿ ಕಾಣೆಯಾದ ಬೇಗಂಳ ತಮ್ಮನೊಬ್ಬನ ಸುದ್ದಿ ಮಾತ್ರ ಇನ್ನೂ ಬಂದಿರಲಿಲ್ಲ. ಅವನ ಹೆಸರು ಬಂದಾಗ ಬೇಗಂ ಸೆರಗು ಸರಿಮಾಡಿಕೊಂಡಳು.

ಹೀರಾಬಾಯಿ ತನ್ನ ಅಂಗಳದಲ್ಲಿ ಬಿದ್ದ ಗಲೀಚಾದ ಕತೆ ಹೇಳಿದಳು. ರಕ್ತವೆಂದು ತಿಳಿದು ಎರಡು ದಿನ ಮುಟ್ಟದೆ ಇದ್ದದ್ದನ್ನು, ಬಕ್ಕಪ್ಪ ಅಡಿಕೆಯ ಚೂರು ಜಗಿದು ನೋಡಿದ್ದನ್ನು ಹೇಳಿದಾಗ ಅಕ್ತರಬೀ ಬಾಯಿಗೆ ಕೈ ಒತ್ತಿಕೊಂಡು ನಕ್ಕಳು. ಬೇಗಂಳಿಗೂ ನಗು ತಡೆಯಲಿಲ್ಲ. ಆ ಮನೆಯಲ್ಲಿ ಎರಡು ತಿಂಗಳ ಮೇಲೆ ಯಾರೋ ನಕ್ಕದ್ದು ಎಂದು ಮಕ್ಸೂದ ಹೇಳಿದ.

"ಕಾಶೀರಾಮ ರೊಕ್ಕ ಕೊಟ್ಟು ತಗೊಂಡಾನ. ಅವನ ಹತ್ರಾನೇ ಇರ್ಲಿ ಬಿಡು. ನೀ ಜಗಳ ಮಾಡಿ ಅಡಚಣಿಗಿ ಬೀಳಬ್ಯಾಡ" ಎಂದಳು ಬೇಗಂ. ಆಮೇಲೆ ಬೇರೆ ಕಡೆ ನೋಡುತ್ತ ಕೇಳಿದಳು: "ಬಣ್ಣ ಉಳಿದದ ಏನು?"

"ಹಂಗೇ ಅದರಿ. ಅನಾರದ ಬಣ್ಣ" ಎಂದಳು ಹೀರಾಬಾಯಿ.

ಸಾಖರಪುಡಾಕ್ಕೆ ಇನ್ನು ನಾಲ್ಕೇ ದಿನ ಇರುವಾಗ ಕಾಶೀರಾಮ ಬಂಡಿ ತಗೊಂಡು ಬಂದ. ಗಲೀಚಾ ಹಗ್ಗದ ಮೇಲೆ ಇಳಿಬಿದ್ದಿತ್ತು. ಬೆಳಗಿನ ಬಿಸಿಲಿಗೆ ಅದು ಹೊಳೆಯುವುದನ್ನು ನೋಡಿ, "ವಾಹ್!" ಎಂದು ಕೈ ಚಾಚಿದವನನ್ನು ಹೀರಾಬಾಯಿ ತಡೆದಳು. ಬಕ್ಕಪ್ಪ ಮಗ್ಗದಿಂದ ಎದ್ದು ಬಂದು ಅವಳ ಹಿಂದೆ ನಿಂತ.

"ಸಾವಕಾರ್ರ, ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಇದು ಬೇವಾರಸು ಮಾಲಲ್ಲ. ಇದು ಖತೀಜಾ ಬೇಗಂಸಾಬರ ಗಲೀಚಾ. ಈ ಮೂಲಿ ನೋಡ್ರಿ, ಈ ಕರಿ ಉಣ್ಣಿ ನಾನೇ ತುಂಬೇನಿ. ನಮ್ಮ ಮಗ್ಗದ್ದು."

ಕಾಶೀರಾಮನ ಮುಖ ಕೆಂಪಾಯಿತು. "ನಾ ಕಳವು ಮಾಡೇನೇನು? ಸಂತ್ಯಾಗ ನಾಕು ಮಂದಿ ಮುಂದ ತಗೊಂಡೇನಿ!"

"ನೀವು ಕಳವು ಮಾಡೀರಿ ಅಂತ ಯಾರಂದ್ರು? ಆದ್ರ ಅವ್ರು ಬೀದರದಾಗ ಅದಾರ. ನಾ ಹೋಗಿ ನೋಡಿ ಬಂದೇನಿ."

ಕಾಶೀರಾಮ ಒಂದು ಹೆಜ್ಜೆ ಮುಂದೆ ಬಂದ. "ಅದಾರ? ಅಂದ್ರ... ಜೀವಂತ ಅದಾರ?"

"ಅದಾರ್ರಿ."

"ಮೂರೂ ಮಂದಿ? ಮಾಸ್ತರನೂ?"

"ಮೂರೂ ಮಂದಿ. ಮಾಸ್ತರಂದು ಕಾಲು ಮುರದದ, ಕೂಡ್ಲಿಕತ್ತದ."

ಅವನು ಹೋಗಿ ಕಟ್ಟೆಯ ಮೇಲೆ ಕೂತ. ಟೋಪಿ ತೆಗೆದು ಮುಖ ಒರೆಸಿಕೊಂಡ. ಅವನ ಮಗನಿಗೆ ಅಕ್ಷರ ಕಲಿಸಿದವನು ಇದೇ ಮಕ್ಸೂದ ಮಾಸ್ತರ. ಗಲೀಚಾ ಯಾರದೆಂದು ಅವನಿಗೂ ಸಂತೆಯಲ್ಲೇ ಅನುಮಾನ ಬಂದಿತ್ತು. "ಯಾರದೋ ಅಂತ ಎರಡು ಸಲ ಕೇಳ್ದೆ. ಅವ್ರು ಈಗಿಲ್ಲ ಅಂದ ಆ ಮಾರಾಂವ. ಇಲ್ಲ ಅಂದ್ರ ಸತ್ತಾರ ಅಂತ ನಾ ತಿಳಕೊಂಡೆ. ಸತ್ತವ್ರ ಸಾಮಾನು ಯಾರರ ಒಯ್ಯಾವ್ರೇ ಅಂತ ತಗೊಂಡೆ. ತಗೊಂಡ ಮ್ಯಾಲ ನಮ್ಮ ಅವ್ವ ಆ ಕಲೆ ನೋಡಿ, ಇದು ಹೊಸ್ತಿಲ ದಾಟಬಾರದು ಅಂದ್ಳು. ಅದಕ್ಕೇ ನೆಟ್ಟಗ ನಿನ್ನ ಕಡೆ ತಂದೆ." ಟೋಪಿ ಮತ್ತೆ ತಲೆಗಿಟ್ಟ. "ಅದು ಏನು ಕಲೆ ಇತ್ತು?"

"ಪಾನದಾನ ಚೆಲ್ಲಿತ್ರಿ."

ಕಾಶೀರಾಮ ಅವಳನ್ನು ನೋಡಿದ, ಬಕ್ಕಪ್ಪನನ್ನು ನೋಡಿದ. ಬಕ್ಕಪ್ಪ ತಲೆಯಾಡಿಸಿದ. "ನಾನೇ ಜಗದು ನೋಡೇನಿ" ಎಂದ. ಕಾಶೀರಾಮನಿಗೆ ಹೊಟ್ಟೆಯೊಳಗಿಂದ ನಗು ಬಂದುಬಿಟ್ಟಿತು.

ನಗು ಮುಗಿದ ಮೇಲೆ ಅವನು ಮತ್ತೆ ವ್ಯಾಪಾರಿಯಾದ. ನಾಲ್ಕು ದಿನದಲ್ಲಿ ಬೀಗರು ಬರುತ್ತಾರೆ, ಅವರನ್ನು ನೆಲದ ಮೇಲೆ ಕೂಡಿಸಲೇ ಎಂದು ಗೊಣಗಿದ. ನಿಮ್ಮ ಅಟ್ಟದ ಮೇಲೆ ಮದುವೆಯ ಕಾಲದ ಎರಡು ಸತರಂಜಿ ಅವೆ, ಇವತ್ತೇ ಕಳಿಸಿರಿ ಎಂದಳು ಹೀರಾಬಾಯಿ. ಆ ಸತರಂಜಿಗಳಿಗೆ ಇಲಿ ಮೂತ್ರದ ವಾಸನೆ, ಎಣ್ಣೆಯ ಜಿಡ್ಡು. ಹತ್ತಿಯವಾದ್ದರಿಂದ ಅವಕ್ಕೆ ಬೂದಿನೀರೂ ನಡೆಯಿತು, ಕುದಿನೀರೂ ನಡೆಯಿತು. ಮೂರು ದಿನದಲ್ಲಿ ಅವುಗಳ ಹಳದಿ ಪಟ್ಟೆ ಎದ್ದು ಕಂಡಿತು. ಉದಗೀರದ ಬೀಗರು ಅದರ ಮೇಲೆ ಕೂತು ಸಕ್ಕರೆ ತಿಂದು ಒಪ್ಪಿಗೆ ಕೊಟ್ಟು ಹೋದರು.

ತೊಗರಿ ಹೇರಿಕೊಂಡು ಬೀದರಕ್ಕೆ ಹೊರಟ ಕಾಶೀರಾಮನ ಬಂಡಿಯಲ್ಲಿ, ಚೀಲಗಳ ನಡುವೆ, ಗಲೀಚಾ ಹೋಯಿತು. ಹೀರಾಬಾಯಿ ಅದರ ಮೇಲೆಯೇ ಕೂತು ಹೋದಳು. ಕಾಶೀರಾಮ ಬೀದರದವರೆಗೂ ಬಂದ, ಆ ಓಣಿಯ ತಿರುವಿನಲ್ಲಿ ಇಳಿದುಕೊಂಡ. "ನನ್ನ ಹೆಸರು ಹೇಳಬ್ಯಾಡ" ಎಂದ. ಹೀರಾಬಾಯಿ ಆಗಲೇ ಹೇಳಿಯಾಗಿತ್ತು, ಆದರೂ ಹೂಂ ಎಂದಳು. ಆದರೆ ಕುಂಟುತ್ತ ಬಾಗಿಲಿಗೆ ಬಂದ ಮಕ್ಸೂದ ತಿರುವಿನಲ್ಲಿ ನಿಂತವನನ್ನು ದೂರದಿಂದಲೇ ಗುರುತಿಸಿ, ಹೆಸರು ಹಿಡಿದು ಕೂಗಿದ. ಕಾಶೀರಾಮ ತಲೆ ತಗ್ಗಿಸಿಕೊಂಡು ಬಂದು, ಮಗಳ ಸಾಖರಪುಡಾದ ಪೇಢೆಯ ಪೊಟ್ಟಣವನ್ನು ಮಾಸ್ತರನ ಕೈಯಲ್ಲಿಟ್ಟ.

ಮುಂದಿನ ರಂಜಾನಿಗೆ ಮೊದಲೇ ಆ ಮನೆಯವರು ಭಾಲ್ಕಿಗೆ ವಾಪಸು ಬಂದರು. ಹೋದವರೆಲ್ಲ ಬರಲಿಲ್ಲ. ಓಣಿಯಲ್ಲಿ ಕೆಲವು ಕದಗಳು ಕೀಲಿ ಹಾಕಿಯೇ ಉಳಿದವು. ಮಕ್ಸೂದನಿಗೆ ಶಾಲೆಯ ಕೆಲಸ ಮತ್ತೆ ಸಿಕ್ಕಿತು, ಲೆಕ್ಕ ಕಲಿಸಲು. ಹೈದರಾಬಾದ್ ರಾಜ್ಯದ ಹೊಸ ಸರ್ಕಾರ ಶಾಲೆಗಳಲ್ಲಿ ಕನ್ನಡ ತಂದಾಗ ಅವನು ಮಕ್ಕಳಿಗಿಂತ ಒಂದು ಪಾಠ ಮುಂದೆ ಇರುವಂತೆ ತಾನೂ ಕಲಿತು ಕಲಿಸಿದ.

ಅಕ್ತರಬೀಗೆ ಕೈಯಲ್ಲಿ ಒಂದು ಕೆಲಸ ಬೇಕಿತ್ತು. ಬೀದರದಲ್ಲಿ ಬಾಗಿಲು ಹಾಕಿಕೊಂಡು ಕೂತ ಆ ತಿಂಗಳುಗಳ ಮೇಲೆ ಸುಮ್ಮನೆ ಕೂತರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಅವಳು ಹೀರಾಬಾಯಿಯ ಅಂಗಳಕ್ಕೆ ಬರತೊಡಗಿದಳು. ಶಾಲೆಯ ಜಮಖಾನಗಳು ತೊಳೆಯಲು ಬಂದ ವರ್ಷ ಇಬ್ಬರೂ ಕೂಡಿಯೇ ಒಪ್ಪಿಕೊಂಡರು. ಅಕ್ತರಬೀ ಶಾಯಿಯ ಕಲೆಯನ್ನು ಕೋಪದಲ್ಲಿ ಗಸಗಸ ತಿಕ್ಕುವಳು. "ಒತ್ತವ್ವ, ತಿಕ್ಕಬ್ಯಾಡ. ತಿಕ್ಕಿದ್ರ ಕಲೆ ಒಳಗ ಹೋಗಿ ಮನಿ ಮಾಡ್ತದ" ಎಂದು ಹೀರಾಬಾಯಿ ಅವಳ ಕೈಯಿಂದ ಬಟ್ಟೆ ತಗೊಂಡು ತೋರಿಸುವಳು. ಕೆಲಸ ಮುಗಿದು ಜಮಖಾನಗಳನ್ನೆಲ್ಲ ಬೇಲಿಯ ಮೇಲೆ ಹರವಿ, ಇಬ್ಬರೂ ನೆರಳಿನಲ್ಲಿ ಕಾಲು ಚಾಚಿ ಕೂತರು. ಅಕ್ತರಬೀ ತಂದ ಡಬ್ಬಿಯಲ್ಲಿ ಬದನೆಕಾಯಿ ಪಲ್ಯವಿತ್ತು. ಹೀರಾಬಾಯಿ ಜೋಳದ ರೊಟ್ಟಿ ಮುರಿದು ಅರ್ಧ ಅವಳ ಕಡೆ ಸರಿಸಿದಳು. ಗಾಳಿ ಬೆಚ್ಚಗಿತ್ತು. ಸಂಜೆಯೊಳಗೆ ಎಲ್ಲವೂ ಒಣಗುವ ಹಾಗಿತ್ತು.